ಹುಳಿ, ಮೂಲಿಕೆ ಮತ್ತು ವಿಸ್ಕಿ: ಒಂದು ಪಾಕದ ಚರಿತ್ರೆ

1916ರ ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್ಬಿನ ಮೆನುವಿನಲ್ಲಿ 35 ಸೆಂಟಿನ ಒಂದು ಪಾನೀಯವಿದೆ. ಹೆಸರು 'ಲಾಸ್ಟ್ ವರ್ಡ್', ಅಂದರೆ ಕೊನೆಯ ಮಾತು. ಜಿನ್, ಹಸಿರು ಶಾರ್ತ್ರೂಸ್, ಮರಾಸ್ಕಿನೋ ಎಂಬ ಚೆರ್ರಿ ಮದ್ಯ, ಲೈಮ್ ರಸ ಈ ನಾಲ್ಕೂ ಸಮಪ್ರಮಾಣದಲ್ಲಿ. 1951ರಲ್ಲಿ ಟೆಡ್ ಸಾಸಿಯೇ ತನ್ನ ಪುಸ್ತಕದಲ್ಲಿ ಇದನ್ನು ಸೇರಿಸಿದ. ಆಮೇಲೆ ಜನ ಮರೆತರು. 2004ರ ಸುಮಾರಿಗೆ ಸಿಯಾಟಲ್‌ನ ಮರ್ರಿ ಸ್ಟೆನ್ಸನ್ ಆ ಹಳೆಯ ಪುಸ್ತಕದಿಂದ ಅದನ್ನು ಮತ್ತೆ ಎತ್ತಿ ತಂದ. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನ ಫಿಲ್ ವಾರ್ಡ್ ಎಂಬಾತ ಜಿನ್ ಜಾಗದಲ್ಲಿ ರೈ ವಿಸ್ಕಿಯನ್ನೂ, ಲೈಮ್ ಜಾಗದಲ್ಲಿ ಲೆಮನ್ನನ್ನೂ ಇಟ್ಟು, ತನ್ನ ಹೆಸರಿನ ಮೇಲೆ ಶ್ಲೇಷೆ ಮಾಡಿ 'ಫೈನಲ್ ವಾರ್ಡ್' ಎಂದು ಕರೆದ.

ಆಬ್ಕಾರಿಯ ಇತಿಹಾಸ ಓದುವ ನನಗೆ ಈ ಅದಲುಬದಲು ಕುತೂಹಲ ಹುಟ್ಟಿಸಿತು. ಇದೇ ಪಾಕವನ್ನು ಯಡ್ರಾಮಿಯಲ್ಲಿ ಕೂತು ಕನ್ನಡದಲ್ಲಿ ಬರೆಯಹೊರಟರೆ ಎರಡು ಪದಗಳು ಕೈಕೊಡುತ್ತವೆ. ಮೊದಲನೆಯದು ನಿಂಬೆ. ನಮ್ಮಲ್ಲಿ ಲೈಮೂ ನಿಂಬೆ, ಲೆಮನ್ನೂ ನಿಂಬೆ. ಭೌಗೋಳಿಕ ಸೂಚಿ ಪಡೆದ ಇಂಡಿಯ ನಿಂಬೆ ಪಕ್ಕದ ವಿಜಯಪುರ ಜಿಲ್ಲೆಯದೇ; ತೆಳು ಸಿಪ್ಪೆ, ಚುರುಕು ಹುಳಿ. ವಾರ್ಡ್ ಬಿಟ್ಟುಹೋದ ಹಣ್ಣಿನ ಜಾತಿಯದು ಅದು, ಆತ ಹಿಡಿದುಕೊಂಡದ್ದರದಲ್ಲ. ಇದು ಸಣ್ಣ ತೊಡಕು, ಹುಳಿ ಒಂದಿಷ್ಟು ಕಡಿಮೆ ಹಿಂಡಿದರೆ ಮುಗಿಯಿತು.

ಎರಡನೆಯ ಪದ ವಿಸ್ಕಿ. ಇಲ್ಲಿ ತೊಡಕು ಅಷ್ಟು ಸಣ್ಣದಲ್ಲ. ಮನುಸ್ಮೃತಿಯ 11ನೆಯ ಅಧ್ಯಾಯ ಸುರೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಬೆಲ್ಲದ್ದು ಗೌಡೀ, ಹಿಟ್ಟಿನದು ಪೈಷ್ಟೀ, ಇನ್ನೊಂದು ಮಾಧ್ವೀ. ಮಾಧ್ವೀ ಜೇನಿನದೋ ಇಪ್ಪೆ ಹೂವಿನದೋ ಎಂಬಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ವಿಂಗಡಿಸಿದ ಉದ್ದೇಶ ನಿಷೇಧ, ಆದರೂ ವಿಂಗಡಣೆ ಚೆನ್ನಾಗಿದೆ. ಸ್ಕಾಚ್ ಆಗಲಿ, ಅಮೆರಿಕದ ರೈ ಆಗಲಿ ಧಾನ್ಯದಿಂದ ಇಳಿಸಿದವು, ಹಾಗಾಗಿ ಪೈಷ್ಟೀ. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಅಗ್ಗದ ಮಾಲಿನ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದದ್ದು. ಬಣ್ಣಕ್ಕೆ ಕ್ಯಾರಮೆಲ್, ವಾಸನೆಗೆ ಒಂದಿಷ್ಟು ಮಾಲ್ಟ್. ಅದು ಗೌಡೀ. ಯುರೋಪಿನ ಕಾನೂನು ಕಾಕಂಬಿಯದನ್ನು ವಿಸ್ಕಿ ಎಂದು ಕರೆಯಲು ಬಿಡುವುದಿಲ್ಲ. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ಬಾರ್ಲಿಯಿಂದಲೇ ಮಾಡಿದ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ್ದರ ಮಹತ್ವ ಇಲ್ಲಿದೆ. ಕನ್ನಡನಾಡಿನ ವಿಸ್ಕಿ ಪೈಷ್ಟಿಯೂ ಆಗಬಲ್ಲದು ಎಂದು ಸ್ಕಾಟ್ಲೆಂಡಿಗೇ ಹೋಗಿ ತೋರಿಸಿದ್ದು ಅದು. ಮಾಧ್ವೀ ಇಪ್ಪೆಯದೇ ಎನ್ನುವ ವ್ಯಾಖ್ಯಾನಕಾರರ ಮಾತು ಹಿಡಿದರೆ ನಮ್ಮ ಸೀಮೆ ಮೂರನೆಯದನ್ನೂ ಕಂಡಿದೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರಾಯಿ ಇಳಿಸುತ್ತಿದ್ದುದು ಮುಖ್ಯವಾಗಿ ಇಪ್ಪೆ ಹೂವಿನಿಂದ. ಸೇಂದಿ ಮತ್ತು ಸರಾಯಿಯ ಹಣ ಆ ಬೊಕ್ಕಸದ ದೊಡ್ಡ ಆಸರೆಯಾಗಿತ್ತು.

ಇನ್ನು ಹುಳಿ ಮತ್ತು ಮೂಲಿಕೆ. ಡೆಟ್ರಾಯಿಟಿನ ಆ ಮೆನುವಿಗೆ ಒಂದೇ ವರ್ಷ ಮೊದಲು, 1915ರಲ್ಲಿ, ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಓಲೆಗರಿಯ ಪ್ರತಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1905ರಲ್ಲಿ. ಮೂಲ ಅಚ್ಚಾದದ್ದು 1909ರಲ್ಲಿ. ರಾಜ್ಯಶಾಸ್ತ್ರಕ್ಕಾಗಿ ಎಲ್ಲರೂ ಹುಡುಕುವ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವಿದೆ. ಅಲ್ಲಿಯ ಆಸವದ ಪಾಕ ಹೀಗೆ: ಬೇಲದ ಹಣ್ಣು ಒಂದು ತುಲಾ, ಫಾಣಿತ ಅಂದರೆ ಕಬ್ಬಿನ ಜೋನಿ ಐದು ತುಲಾ, ಜೇನು ಒಂದು ಪ್ರಸ್ಥ. ಮೇಲೆ ಉದುರಿಸುವ ಸಂಭಾರದಲ್ಲಿ ದಾಲ್ಚಿನ್ನಿ, ಚಿತ್ರಮೂಲ, ವಾಯುವಿಳಂಗ, ಗಜಪಿಪ್ಪಲಿ, ಅಡಿಕೆ, ಭದ್ರಮುಷ್ಟಿ, ಲೋಧ್ರ. ಅಲ್ಲಿಗೆ ಹುಳಿ, ಸಿಹಿ, ಮದ್ದು ಮೂರೂ ಬಂದವು. ಅದೇ ಪ್ರಕರಣದಲ್ಲಿ ಸುಂಕ ಕಟ್ಟಬೇಕಾದ ಮದ್ಯಗಳ ಪಟ್ಟಿಯಲ್ಲಿ ಅಮ್ಲಸೀಧುವೂ ಇದೆ. ಹುಳಿಮದ್ಯದ ಮೇಲೆ ಸುಂಕ, ನೂರಕ್ಕೆ ಐದು!

ಡೆಟ್ರಾಯಿಟಿನವರು ಸಮಭಾಗ ಹಾಕಿದರೆ ಕೌಟಿಲ್ಯ ಒಂದಕ್ಕೆ ಐದು ಸಿಹಿ ಯಾಕೆ ಹಾಕಿಸಿದ ಎಂದು ಮೊದಲು ನನಗೆ ಹೊಳೆಯಲಿಲ್ಲ. ಕಾರಣ ಸರಳ. ಆಸವ ಹುದುಗಬೇಕು, ಹುದುಗು ಸಿಹಿಯನ್ನು ತಿಂದೇ ಮದ್ಯವಾಗಬೇಕು. ಲಾಸ್ಟ್ ವರ್ಡಿನಲ್ಲಿ ಆ ಕೆಲಸ ಬೇರೆಲ್ಲೋ ಮುಗಿದಿರುತ್ತದೆ. ಉಳಿದ ಸಿಹಿಯೆಲ್ಲ ಶಾರ್ತ್ರೂಸ್ ಮತ್ತು ಮರಾಸ್ಕಿನೋದಲ್ಲಿ ಅಡಗಿರುವುದರಿಂದ ನಿಂಬೆಗೆ ಸರಿಸಮ ಪಾಲು ಸಿಗುತ್ತದೆ.

ಶಾರ್ತ್ರೂಸ್ ಕೂಡ ಮೂಲದಲ್ಲಿ ಮದ್ದೇ. ಫ್ರಾನ್ಸಿನ ಕಾರ್ತೂಸಿಯನ್ ಸನ್ಯಾಸಿಗಳಿಗೆ 1605ರಲ್ಲಿ ಒಂದು ಹಸ್ತಪ್ರತಿ ಸಿಕ್ಕಿತಂತೆ. 1737ರಲ್ಲಿ ಅವರು ಅದರಿಂದ ಔಷಧಿ ಮಾಡಿದರು, ಹಸಿರು ಮದ್ಯ ಬಂದದ್ದು ಆಮೇಲೆ. 130 ಗಿಡಮೂಲಿಕೆ ಎನ್ನುತ್ತಾರೆ, ಪಾಕ ಇಂದಿಗೂ ಗುಟ್ಟು. ಮದ್ದು ಎಲ್ಲಿ ಮುಗಿದು ಮದ್ಯ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನಮ್ಮಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮುಂಬಯಿ ಸರ್ಕಾರದ 1949ರ ಪಾನನಿಷೇಧ ಕಾಯ್ದೆಯನ್ನು ಬಾಲ್ಸರಾ ಎಂಬವರು ಪ್ರಶ್ನಿಸಿದ ಮೊಕದ್ದಮೆಯಲ್ಲಿ, 1951ರಲ್ಲಿ, ಮದ್ಯಸಾರವಿರುವ ಔಷಧಿಗಳಿಗೂ ಆ ನಿಷೇಧ ಹಾಕುವುದು ಸಲ್ಲದು ಎಂದು ತೀರ್ಪಾಯಿತು. 1955ರಲ್ಲಿ ಅಂಥ ಔಷಧಿಗಳ ಸುಂಕಕ್ಕೆಂದೇ ಕಾಯ್ದೆ ಬಂತು. ನಮಗೆ ಇದು ದೂರದ ಸುದ್ದಿಯಲ್ಲ. ಸಿಂದಗಿ ಆಗ ಮುಂಬಯಿ ರಾಜ್ಯದ್ದು, ಯಡ್ರಾಮಿ ಹೈದರಾಬಾದಿನದು. ಹೈದರಾಬಾದಿನಲ್ಲಿ ಅಂಥ ಪೂರ್ಣ ನಿಷೇಧ ಇರಲಿಲ್ಲ. ಆ ಗಡಿಯ ಒಂದು ಮಗ್ಗುಲಲ್ಲಿ ಅಪರಾಧವಾದದ್ದು ಇನ್ನೊಂದು ಮಗ್ಗುಲಲ್ಲಿ ಬೊಕ್ಕಸದ ಆದಾಯ.

ಕುಡಿತದ ಚರಿತ್ರೆಯನ್ನು ಪಾಕದ ಕಡೆಯಿಂದ ಮಾತ್ರ ಬರೆಯುವುದು ಸುಖಜೀವಿಗಳ ಕೆಲಸ ಎಂಬ ಆಕ್ಷೇಪ ನನಗೆ ಸರಿ ಅನ್ನಿಸುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ರಾಜನ ಕ್ರೀಡೆಗಳಲ್ಲಿ ಒಂದಾಗಿ ಸೇರಿಸಿದ. ಅದೇ ಶತಮಾನದ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನು, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವನು. ಹೆಂಡದ ಭಾಷೆಯಲ್ಲೇ ಲಿಂಗದ ಮಾತಾಡಿದ. ನನಗೆ ಸೋಮೇಶ್ವರನಿಗಿಂತ ಮಾರಯ್ಯ ಹೆಚ್ಚು ನಂಬಿಕಸ್ಥ ಸಾಕ್ಷಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಂತಿತು. ನಿಂತದ್ದು ಸರಾಯಿ, ಕುಡಿತವಲ್ಲ. ಕೂಲಿಯವರ ಕೈಗೆ ಅದೇ ಕಾಕಂಬಿಯ ಮದ್ಯ 90 ಮಿ.ಲೀ. ಪೊಟ್ಟಣದಲ್ಲಿ ವಿಸ್ಕಿಯ ಹೆಸರಿನಲ್ಲಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರಲ್ಲಿ ಅನೇಕರು ನಮ್ಮ ಪಕ್ಕದ ರಾಯಚೂರು ಸೀಮೆಯವರು. ಗೌಡಿಯೋ ಪೈಷ್ಟಿಯೋ ಎಂಬ ನನ್ನ ಜಿಜ್ಞಾಸೆಯಿಂದ ಅವರಿಗೆ ಆಗಬೇಕಾದದ್ದೇನೂ ಇಲ್ಲ.

ಹಾಗಿದ್ದೂ ಪಾಕದ ಪ್ರಶ್ನೆ ಉಳಿಯುತ್ತದೆ. ಶಾರ್ತ್ರೂಸ್ ಇಲ್ಲಿ ಸಿಗದು. ಅರಿಷ್ಟವನ್ನು ಸುರಿಯಿರಿ ಎಂದು ಹೇಳಲಾರೆ. ಅದು ಅಳತೆಯಲ್ಲಿ ಕುಡಿಯುವ ಔಷಧಿ. ನಮ್ಮ ಕಡೆ ಹುಳಿ, ಸಿಹಿ, ಮೂಲಿಕೆ ಒಟ್ಟಿಗೆ ಕೂಡುವುದು ಯುಗಾದಿಯ ಬೇವಿನಲ್ಲಿ. ದಕ್ಷಿಣದವರ ಹಾಗೆ ಎಸಳೆರಡು, ಬೆಲ್ಲದ ಚೂರು ಅಲ್ಲ. ಹುಣಸೆ ನೀರಿಗೆ ಬೆಲ್ಲ, ಬೇವಿನ ಹೂವು, ಮಾವಿನಕಾಯಿ, ಪುಟಾಣಿ ಹಾಕಿ ತಂಬಿಗೆಗಟ್ಟಲೆ ಕುಡಿಯುವ ಪಾನಕ. ಅದರಲ್ಲಿ ಮೂಲಿಕೆಯ ಪಾತ್ರ ಬೇವಿನ ಹೂವಿನ ಕಹಿಯದು, ಮರಾಸ್ಕಿನೋದ ಪಾತ್ರ ಬೆಲ್ಲದ್ದು. ಇದಕ್ಕೆ ವಿಸ್ಕಿ ಸೇರಿಸಬಹುದೇ ಎಂದು ಅವ್ವನನ್ನು ಕೇಳುವ ಧೈರ್ಯ ನನಗಿಲ್ಲ, ಹಬ್ಬದ ಬೇವಿಗಂತೂ ಬೇಡವೇ ಬೇಡ. ಬೇರೆ ದಿನ, ಬೇರೆ ಲೋಟದಲ್ಲಿ ಮಾಡುವವರಿಗೆ: ಬಾರ್ಲಿಯ ವಿಸ್ಕಿ 30 ಮಿ.ಲೀ., ಬೇವಿನ ಹೂವು ಹಾಕಿ ಕುದಿಸಿ ಸೋಸಿದ ಬೆಲ್ಲದ ಪಾಕ 20, ಇಂಡಿ ನಿಂಬೆಯ ರಸ 15. ಮಂಜಿನೊಂದಿಗೆ ಚೆನ್ನಾಗಿ ಕುಲುಕಿ ಸೋಸಬೇಕು. ಹೂವು ಒಂದು ಚಿಟಿಕೆ ಸಾಕು, ಹೆಚ್ಚಾದರೆ ಕಹಿ ವಿಸ್ಕಿಯನ್ನೇ ನುಂಗುತ್ತದೆ. ಚೈತ್ರ ದಾಟಿದರೆ ಹಸಿ ಹೂವು ಸಿಗುವುದಿಲ್ಲ, ನೆರಳಿನಲ್ಲಿ ಒಣಗಿಸಿ ಇಟ್ಟದ್ದು ಬೇಕು.