ಹಳೆಯ ಕೀಲಿಮಣೆಯ ಮರುಹುಟ್ಟು

ಐಬಿಎಂ ಸಂಸ್ಥೆಯು 1981ರಲ್ಲಿ ತನ್ನ ಪಿಸಿ ಗಣಕಯಂತ್ರದೊಡನೆ ಹೊರತಂದ ‘ಮಾಡೆಲ್ ಎಫ್’ ಕೀಲಿಮಣೆಯಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಒಂದು ಸ್ಪ್ರಿಂಗ್ ಇತ್ತು. ಒತ್ತಿದೊಡನೆ ಅದು ಥಟ್ಟನೆ ಪಕ್ಕಕ್ಕೆ ಬಾಗುತ್ತಿತ್ತು. ಅಕ್ಷರ ಮೂಡಿತೆಂಬುದನ್ನು ಬೆರಳೂ ಕಿವಿಯೂ ಒಮ್ಮೆಗೇ ಅರಿಯುತ್ತಿದ್ದುವು. 1985ರ ‘ಮಾಡೆಲ್ ಎಂ’ ಆ ಸ್ಪ್ರಿಂಗನ್ನು ಉಳಿಸಿಕೊಂಡು, ತಳದಲ್ಲಿ ಅಗ್ಗದ ಪ್ಲಾಸ್ಟಿಕ್ ಹಾಳೆಗಳನ್ನು ಅಳವಡಿಸಿತು.

ಮುಂದೆ ಇವೆರಡರ ಗತಿ ಬೇರೆಯಾಯಿತು. ‘ಎಂ’ ಮಾದರಿಯ ಅಚ್ಚುಗಳು ಲೆಕ್ಸ್‌ಮಾರ್ಕ್ ಸಂಸ್ಥೆಯಿಂದ 1996ರಲ್ಲಿ ಕೆಂಟಕಿಯ ಯುನಿಕಾಂಪ್‌ಗೆ ಸಂದುವು, ತಯಾರಿಕೆ ಮುಂದುವರಿಯಿತು. ‘ಎಫ್’ ಮಾದರಿಗೆ ಆ ಭಾಗ್ಯವಿರಲಿಲ್ಲ. ಈಚಿನ ಆಸಕ್ತರು ಹಳೆಯ ಮಣೆಗಳನ್ನು ಬಿಚ್ಚಿ ಅಳೆದು, ಅಚ್ಚುಗಳನ್ನೇ ಹೊಸದಾಗಿ ಮಾಡಿಸಬೇಕಾಯಿತು. ರಿಚರ್ಡ್ ಹ್ಯಾರಿಸರ 1978ರ ಪೇಟೆಂಟು ಯಂತ್ರದ ತತ್ತ್ವವನ್ನು ತಿಳಿಸೀತೇ ಹೊರತು ಕೈಚಳಕವನ್ನಲ್ಲ. ವಸ್ತುವನ್ನಷ್ಟೇ ಕಾಪಿಟ್ಟರೆ ಸಾಲದು. ಅದರ ಅಚ್ಚನ್ನೂ ಕಾಪಿಡಬೇಕು.