ಗೋಗಿಯ ನೆಲ, ಕಿಡ್ನಿ ಮತ್ತು ಒಂದು ಸಣ್ಣ ಪ್ರೋಟೀನು

ಗೋಗಿ ಅಂದ ಕೂಡಲೇ ಇತಿಹಾಸ ಓದಿದವರಿಗೆ ನೆನಪಾಗುವುದು ಚಂದಾ ಹುಸೇನಿ ದರ್ಗಾ, ಅಲ್ಲಿನ ಆದಿಲ್‌ಶಾಹಿ ಸಮಾಧಿಗಳು. ಬಿಜಾಪುರದ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಬಿಜಾಪುರದಲ್ಲಲ್ಲ, ಶಹಾಪುರ ತಾಲ್ಲೂಕಿನ ಈ ಊರಲ್ಲಿ. ಭೂವಿಜ್ಞಾನಿಗಳಿಗೆ ಮಾತ್ರ ಗೋಗಿ ಅಂದರೆ ಯುರೇನಿಯಂ. 1990ರ ದಶಕದಲ್ಲಿ ಇಲ್ಲಿಯ ಭೀಮಾ ಕೊಳ್ಳದ ಕಲ್ಲಿನಲ್ಲಿ ಅದು ಪತ್ತೆಯಾಯಿತು. ಆಮೇಲೆ ಪರಿಶೋಧನಾ ಗಣಿ ಬಂತು, ಊರವರ ವಿರೋಧವೂ ಬಂತು.

ಈ ಜಗಳದ ಬಗ್ಗೆ ನಾನು ಓದಿದ್ದರಲ್ಲಿ, ಕೇಳಿದ್ದರಲ್ಲಿ ಎಲ್ಲ ಕಡೆ ಇರುವ ಮಾತು "ವಿಕಿರಣ" ಮತ್ತು "ಕ್ಯಾನ್ಸರ್". ಕಿಡ್ನಿಯ ಹೆಸರು ಅಪರೂಪ. ಆದರೆ ಕುಡಿಯುವ ನೀರಿನ ಯುರೇನಿಯಂ ವಿಷಯದಲ್ಲಿ ಮೊದಲು ಹೆದರಬೇಕಾದ್ದು ವಿಕಿರಣಕ್ಕಲ್ಲ, ಅದರ ರಾಸಾಯನಿಕ ವಿಷಕ್ಕೆ. ಆ ವಿಷ ಮೊದಲು ತಾಗುವುದು ಕಿಡ್ನಿಗೆ! ಇದೇನು ಹೊಸ ಸಂಗತಿಯಲ್ಲ. ಯುರೇನಿಯಂ ನೈಟ್ರೇಟ್ ಕೊಟ್ಟು ಪ್ರಾಣಿಗಳ ಕಿಡ್ನಿ ಕೆಡಿಸಿ ಅಭ್ಯಾಸ ಮಾಡುವುದು 20ನೇ ಶತಮಾನದ ಆರಂಭದಲ್ಲೇ ಪ್ರಯೋಗಾಲಯಗಳಲ್ಲಿ ಮಾಮೂಲಿಯಾಗಿತ್ತು.

ಸರಿ, ಕಿಡ್ನಿಗೆ ಏಟು ಬಿದ್ದಿದೆ ಅಂತ ಗೊತ್ತಾಗುವುದು ಹೇಗೆ? ಮೂತ್ರ ನೋಡಿ. ಈ ವಿದ್ಯೆ ಬಹಳ ಹಳೆಯದು. ಯುನಾನಿ ಹಕೀಮರು ಗಾಜಿನ ಪಾತ್ರೆಯಲ್ಲಿ ಮೂತ್ರ ಹಿಡಿದು ಬಣ್ಣ, ಗಷ್ಟು, ವಾಸನೆ ನೋಡುತ್ತಿದ್ದರು. ಆದಿಲ್‌ಶಾಹಿಗಳ ಕಥೆ ಬರೆದಿಟ್ಟ ಫಿರಿಶ್ತಾ ಬರೀ ಇತಿಹಾಸಕಾರನಲ್ಲ, ವೈದ್ಯದ ಮೇಲೂ ಒಂದು ಗ್ರಂಥ ಬರೆದವನು. ಆದರೆ ಕಣ್ಣಿಗೆ ಕಾಣುವಷ್ಟು ಮೂತ್ರ ಕೆಡುವ ಹೊತ್ತಿಗೆ ಕಿಡ್ನಿ ಅರ್ಧ ಹೋಗಿರಲೂಬಹುದು. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಕಿಡ್ನಿ ರೋಗಿಗಳ ಬಗ್ಗೆ ಬರೆದ. ಅವನ ಉಪಾಯ ಸರಳ. ಚಮಚದಲ್ಲಿ ಮೂತ್ರ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸುವುದು, ಅದರಲ್ಲಿ ಪ್ರೋಟೀನ್ ಇದ್ದರೆ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತದೆ.

ನನಗೆ ಇಷ್ಟವಾದ ಕಥೆ ಶುರುವಾಗುವುದು 1968ರಲ್ಲಿ. ಆ ವರ್ಷ ಬೆರ್ಗೋರ್ಡ್ ಮತ್ತು ಬರ್ನ್ ಎಂಬ ಇಬ್ಬರು ಮೂತ್ರದಿಂದ ಒಂದು ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದರು. ಹೆಸರು ಬೀಟಾ-2 ಮೈಕ್ರೋಗ್ಲೋಬ್ಯುಲಿನ್. ಮೂತ್ರ ಯಾರದ್ದು? ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆಯವರದ್ದು ಮತ್ತು ಕ್ಯಾಡ್ಮಿಯಂ ವಿಷ ಏರಿದವರದ್ದು. ಅಂದರೆ ಲೋಹದಿಂದ ಕೆಟ್ಟ ಕಿಡ್ನಿಗಳದ್ದು. ಈ ಪ್ರೋಟೀನು ಎಲ್ಲರ ರಕ್ತದಲ್ಲೂ ಇದೆ. ಕಿಡ್ನಿಯ ಜಾಲರಿಯಲ್ಲಿ ಸೋಸಿ ಕೆಳಗಿಳಿಯುತ್ತದೆ, ಕೆಳಗಿನ ಸಣ್ಣ ನಳಿಕೆಗಳು ಅದನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಹೀರಿಕೊಳ್ಳುತ್ತವೆ. ನಳಿಕೆ ಕೆಟ್ಟರೆ ಮೂತ್ರದಲ್ಲಿ ಸೋರುತ್ತದೆ. ಅದೇ 1968ರಲ್ಲಿ ಜಪಾನ್ ಸರ್ಕಾರ ಜಿನ್ಜು ನದಿ ಬಯಲಿನ 'ಇತಾಯಿ ಇತಾಯಿ' (ನೋವು, ನೋವು!) ರೋಗಕ್ಕೆ ಮೇಲಿನ ಗಣಿಯ ಕ್ಯಾಡ್ಮಿಯಂ ಕಾರಣ ಅಂತ ಒಪ್ಪಿಕೊಂಡಿತು. ಮುಂದೆ ಜಪಾನಿನಲ್ಲಿ ಕ್ಯಾಡ್ಮಿಯಂ ಹರಡಿದ ಊರುಗಳ ಜನರ ಕಿಡ್ನಿ ತಪಾಸಣೆಗೆ ಇದೇ ಪ್ರೋಟೀನನ್ನು ಬಳಸಿದರು.

ಅಲ್ಲಿಂದ ಅದು ಹೋಗಿದ್ದು ಕಿಡ್ನಿ ಕಸಿಯ ವಾರ್ಡಿಗೆ. ಬಾಸ್ಟನ್ನಿನಲ್ಲಿ 1954ರಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಯಶಸ್ವೀ ಕಸಿ ಆಯಿತು, ನಮ್ಮ ಪಕ್ಕದ ವೆಲ್ಲೂರಿನಲ್ಲಿ 1971ರಲ್ಲಿ. ಕಸಿಯಾದ ಮೇಲೆ ಡಾಕ್ಟರಿಗೆ ಒಂದೇ ಚಿಂತೆ: ಹೊಸ ಕಿಡ್ನಿ ಕೆಲಸ ಶುರು ಮಾಡುತ್ತದೋ ಇಲ್ಲವೋ. ರಕ್ತದ ಕ್ರಿಯಾಟಿನಿನ್ ಒಂದೆರಡು ದಿನ ತಡವಾಗಿ ಸುದ್ದಿ ಹೇಳುತ್ತದೆ, ಊರಿಗೆ ತಡವಾಗಿ ಬರುವ ಪೇಪರಿನ ಹಾಗೆ :) ಹಾಗಾಗಿ ಮೂತ್ರದಲ್ಲಿ ಬೇಗ ಕಾಣುವ ಗುರುತು ಬೇಕಿತ್ತು. ಬೀಟಾ-2 ಜೊತೆಗೆ ಆಮೇಲೆ ಕಿಮ್-1, ಎನ್‌ಗ್ಯಾಲ್ ಬಂದವು. ಕಸಿಯಾದ ಮೊದಲ ದಿನದ ಮೂತ್ರದಲ್ಲಿ ಎನ್‌ಗ್ಯಾಲ್ ಮತ್ತು ಐಎಲ್-18 ನೋಡಿ, ಆ ವಾರದಲ್ಲಿ ಡಯಾಲಿಸಿಸ್ ಬೇಕಾಗುತ್ತದೆಯೇ ಅಂತ ಅಂದಾಜು ಮಾಡಬಹುದು ಎಂದು ಚಿರಾಗ್ ಪಾರಿಖ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಮಾಣಿಕ್ಕಂ ಸುದಂತಿರನ್ ಅವರ ತಂಡ 2013ರಲ್ಲಿ 485 ಜನರ 4,300 ಮೂತ್ರದ ಮಾದರಿ ನೋಡಿ, ದೇಹ ಕಿಡ್ನಿಯನ್ನು ತಿರಸ್ಕರಿಸುವ ಮೊದಲೇ ಸುಳಿವು ಸಿಗುತ್ತದೆ ಎಂದಿತು.

ಈಗ ಗೋಗಿಗೆ ಬರೋಣ. ಯುರೇನಿಯಂ ಹೊಡೆಯುವುದೂ ಅದೇ ನಳಿಕೆಗಳಿಗೆ. 1998ರಲ್ಲಿ ಕೆನಡಾದಲ್ಲಿ, 2002ರಲ್ಲಿ ಫಿನ್ಲೆಂಡಿನಲ್ಲಿ ಬಾವಿ ನೀರು ಕುಡಿಯುವವರ ಮೂತ್ರ ನೋಡಿದರು. ದೊಡ್ಡ ಕಾಯಿಲೆ ಕಾಣಲಿಲ್ಲ, ನಳಿಕೆಗಳ ಸಣ್ಣ ಬದಲಾವಣೆ ಕಂಡಿತು. ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಣಿ ಇರಲಿ ಬಿಡಲಿ, ಕಲ್ಲಿನಲ್ಲಿ ಯುರೇನಿಯಂ ಇರುವ ಊರಿನ ಬೋರ್‌ವೆಲ್ ನೀರನ್ನು ಅಳೆಯಲೇಬೇಕು. ಜೊತೆಗೆ ಜನರ ಮೂತ್ರವನ್ನೂ, ಅದೂ ಗಣಿ ಮಾತು ಇತ್ಯರ್ಥವಾಗುವ ಮೊದಲೇ. ಕಸಿ ವಾರ್ಡಿನಲ್ಲಿ ಇವತ್ತಿನ ಮೂತ್ರವನ್ನು ಅದೇ ರೋಗಿಯ ನಿನ್ನೆಯದರ ಜೊತೆ ಹೋಲಿಸುತ್ತಾರೆ. ಊರಿಗೆ "ನಿನ್ನೆ" ಇಲ್ಲದಿದ್ದರೆ ನಾಳೆ ಕಂಪನಿಯವರೂ ಗೆಲ್ಲಬಹುದು, ಪುಕಾರಿನವರೂ ಗೆಲ್ಲಬಹುದು.

ಒಂದು ತಾಂತ್ರಿಕ ತೊಡಕಿದೆ. ಬೀಟಾ-2 ಹುಳಿ ಮೂತ್ರದಲ್ಲಿ ಬೇಗ ಒಡೆದುಹೋಗುತ್ತದೆ, ಮೂತ್ರಕೋಶದೊಳಗೇ. ಗೋಗಿಯಲ್ಲಿ ಹಿಡಿದು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಉಪಯೋಗವಿಲ್ಲ. ಅದಕ್ಕೆ ಅದರ ಅಣ್ಣನಂಥ ಆಲ್ಫಾ-1 ಮೈಕ್ರೋಗ್ಲೋಬ್ಯುಲಿನ್ ವಾಸಿ, ಅದು ಹುಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ.