ಖಾಲಿ ಸೀಟುಗಳ ಮುಂದೆ ಆರ್ಚಿ ರೈಸ್

ಹಳೇ ಸಿನಿಮಾ, ಹಳೇ ಇತಿಹಾಸ: ಭಾಗ 6

1960ರ ಬ್ರಿಟಿಷ್ ಸಿನಿಮಾ ‘ದಿ ಎಂಟರ್‌ಟೇನರ್’. ನಿರ್ದೇಶನ ಟೋನಿ ರಿಚರ್ಡ್‌ಸನ್. ಆರ್ಚಿ ರೈಸ್ ಅನ್ನೋ ನಟ ಸಮುದ್ರದಂಡೆಯ ಊರಲ್ಲಿ ಹಾಡ್ತಾನೆ, ಕುಣೀತಾನೆ, ಜೋಕ್ ಹೇಳ್ತಾನೆ. ನಗೋರೇ ಕಮ್ಮಿ.

ಅವನದು ಮ್ಯೂಸಿಕ್ ಹಾಲ್ ಪರಂಪರೆ. ಹಾಡು, ಹಾಸ್ಯ, ಕುಣಿತ ಎಲ್ಲಾ ಒಂದೇ ಟಿಕೆಟ್‌ಗೆ. ವಿಕ್ಟೋರಿಯಾ ರಾಣಿ ಕಾಲದಲ್ಲಿ ದುಡಿಯೋ ಜನಕ್ಕೆ ಇದಂದ್ರೆ ಪ್ರಾಣ. ಆಮೇಲೆ ಸಿನಿಮಾ, ರೇಡಿಯೋ, ಟಿವಿ ಒಂದೊಂದಾಗಿ ಬಂದು ಆ ಜನರನ್ನ ಸೆಳ್ಕೊಂಡ್ವು.

ಕಥೆಯ ಕಾಲ 1956. ಈಜಿಪ್ಟ್‌ನ ನಾಸರ್ ಸೂಯೆಜ್ ಕಾಲುವೆಯನ್ನ ರಾಷ್ಟ್ರೀಕರಣ ಮಾಡಿದ್ರು. ಬ್ರಿಟನ್ ಸೇನೆ ಕಳಿಸ್ತು, ಅಮೆರಿಕದ ಒತ್ತಡಕ್ಕೆ ಮಣಿದು ವಾಪಸ್ ಕರೆಸ್ಕೊಳ್ತು. ಆರ್ಚಿಯ ಮಗ ಮಿಕ್ ಜೀವಂತ ಬರಲಿಲ್ಲ. ಒಂದು ಕಾಲದ ಸ್ಟಾರ್ ಆಗಿದ್ದ ಅಪ್ಪ ಬಿಲ್ಲಿ, ಮಗನ ಶೋ ಉಳಿಸೋಕೆ ಮತ್ತೆ ರಂಗಕ್ಕೆ ಹೊರಟು ಪ್ರಾಣ ಬಿಟ್ಟ.

ನಾವು ಬಿಕಾಂನವರು ಕೇಳೋ ಪ್ರಶ್ನೆ ಒಂದೇ: ನಷ್ಟ ಯಾರ ಖಾತೆಗೆ? ಆರ್ಚಿ ತನ್ನ ಸೋಲು ಒಪ್ಪಲ್ಲ, ಅಪ್ಪ ಬೆಲೆ ತೆರ್ತಾನೆ. ಸಾಮ್ರಾಜ್ಯ ಮುಗೀತು ಅಂತ ಬ್ರಿಟನ್ ಒಪ್ಪಲ್ಲ, ಮಿಕ್ ಬೆಲೆ ತೆರ್ತಾನೆ. ಜಾನ್ ಆಸ್ಬೋರ್ನ್ 1957ರ ನಾಟಕದಲ್ಲೇ ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟಿದ್ರು.

ಆರ್ಚಿ ಪಾತ್ರ ಮಾಡಿದ್ದು ‘ಹ್ಯಾಮ್ಲೆಟ್’ಗೆ ಆಸ್ಕರ್ ಗೆದ್ದಿದ್ದ ಲಾರೆನ್ಸ್ ಒಲಿವಿಯರ್. ಸೋತವನ ಪಾತ್ರಕ್ಕೂ ಆಸ್ಕರ್ ನಾಮನಿರ್ದೇಶನ ಬಂತು!

ನೋಡಿದ್ಮೇಲೆ ಹೇಳಿ: ಆರ್ಚಿ ಮೇಲೆ ಸಿಟ್ಟು ಬಂತಾ, ಅಯ್ಯೋ ಪಾಪ ಅನ್ನಿಸ್ತಾ?